ಪಾರ್ಕಿನ ಬೆಂಚಿಗೊಂದು ನಡುಗೋಡೆ

ಹೊಸದಾಗಿ ಈ ಕೆಲಸಕ್ಕೆ ಬಂದ ಹುಡುಗರು ನನ್ನನ್ನು ಕಂಡರೆ ಸಿಮೆಂಟಿಗೆ ಎಷ್ಟು ಮರಳು, ತಾರಸಿಗೆ ಎಷ್ಟು ಇಳಿಜಾರು ಎಂದು ಕೇಳುತ್ತಾರೆ. ಅದನ್ನು ಯಾವ ಮೇಸ್ತ್ರಿಯಾದರೂ ಹೇಳಿಕೊಡುತ್ತಾನೆ. ನಾನು ಬರೆಯಬೇಕೆಂದಿರುವುದು ಕೂರುವ ಜಾಗದ ವಿಷಯ. ಕಟ್ಟಿದ ಮೇಲೆ ಜನ ಕೂರುತ್ತಾರೋ ಇಲ್ಲವೋ ಎಂದು ಒಂದು ಬೇಸಿಗೆ ನಾನು ಕಾದು ನಿಂತಿದ್ದೆ. ಆ ಬೇಸಿಗೆಯ ವಿಷಯ.

ನಾನು ಹನಕೆರೆಯವನು. ಐದನೇ ಕ್ಲಾಸಿಗೆ ಶಾಲೆ ಬಿಟ್ಟು ಕರಣೆ ಹಿಡಿದೆ. ಅದನ್ನು ಹೇಳಿಕೊಳ್ಳಲು ನನಗೆ ಯಾವತ್ತೂ ನಾಚಿಕೆಯಾಗಿಲ್ಲ. ನಾನು ಕಟ್ಟಿದ ಗೋಡೆಗಳು ಮಂಡ್ಯದಲ್ಲೂ ಮದ್ದೂರಲ್ಲೂ ಇನ್ನೂ ನಿಂತಿವೆ, ಅನುಮಾನ ಇದ್ದವರು ತೂಗುಗುಂಡು ಬಿಟ್ಟು ನೋಡಿಕೊಳ್ಳಲಿ. ಎಪ್ಪತ್ತರ ದಶಕದಲ್ಲಿ ಮಂಡ್ಯದ ಒಂದು ಆಸ್ಪತ್ರೆಯ ಎದುರಿಗೆ ಇದ್ದ ಪಾರ್ಕನ್ನು ಸರಿಮಾಡುವ ಕೆಲಸ ಬಂತು. ಮಾಡಿಸುತ್ತಿದ್ದ ಕಛೇರಿಯಲ್ಲಿ ನಾನು ಮೇಸ್ತ್ರಿ. ನನ್ನ ಮೇಲೆ ಒಬ್ಬ ಓವರ್ಸಿಯರ್, ಅವರ ಮೇಲೆ ಶ್ರೀಕಂಠಯ್ಯ ಅಂತ ಮೈಸೂರಿನಲ್ಲಿ ಓದಿ ಬಂದಿದ್ದ ಚಿಕ್ಕ ವಯಸ್ಸಿನ ಎಂಜಿನಿಯರು.

ಪಾರ್ಕು ಅಂದರೆ ಆಗ ಏನಿತ್ತು? ಮೊಣಕಾಲೆತ್ತರದ ಸಸಿಗಳು, ತಂತಿ ಬೇಲಿ ಹಾಕಿದ ಹುಲ್ಲು, ನಟ್ಟ ನಡುವೆ ಒಂದೇ ಒಂದು ಹಳೇ ಮಳೆಮರ. ಅದರ ನೆರಳಿನಲ್ಲಿ ಸಿಮೆಂಟು ಬೆಂಚುಗಳನ್ನು ಒಂದಕ್ಕೊಂದು ಮುಖ ಮಾಡಿ ದುಂಡಗೆ ಹಾಕಿದ್ದರು. ಬಯಲಿನಲ್ಲಿದ್ದ ಬೆಂಚುಗಳ ಮೇಲೆ ಮಧ್ಯಾಹ್ನ ಅಂಗೈ ಊರಿದರೆ ಕಾವಲಿ ಮುಟ್ಟಿದ ಹಾಗೆ ಕೈ ಹಿಂದಕ್ಕೆ ಬರುತ್ತಿತ್ತು. ಯುಗಾದಿಯೊಳಗೆ ಇನ್ನಷ್ಟು ನೆರಳು, ಇನ್ನಷ್ಟು ಕೂರುವ ಜಾಗ ಆಗಬೇಕು ಎಂದು ಮೇಲಿನವರ ಅಪ್ಪಣೆ.

ನಾನು ಮಾರನೆ ದಿನವೇ ಇಟ್ಟಿಗೆ ಇಳಿಸುವುದಕ್ಕೆ ಹೊರಟೆ. ಶ್ರೀಕಂಠಯ್ಯನವರು ತಡೆದರು.

"ಮೊದಲು ನೋಡೋಣ ನಿಂಗಣ್ಣ. ಕಟ್ಟೋದು ಆಮೇಲೆ."

"ಏನ್ ನೋಡಾದು ಸಾರ್, ಜಾಗ ಅಳ್ದಾಗದೆ."

"ಜಾಗ ಅಲ್ಲ. ಜನಾನ."

ಹಾಗೆ ಶುರುವಾಯಿತು. ಅವರು ಒಂದು ಕೋಲು ನೆಟ್ಟು ಅದರ ನೆರಳು ಎಲ್ಲೆಲ್ಲಿ ಬೀಳುತ್ತದೆ ಎಂದು ಗೂಟ ಹೊಡೆಸುವರು. ಜಿಂಕ್ ಶೀಟಿನ ಕೆಳಗೆ ಒಂದಿಷ್ಟು ಹೊತ್ತು ನನ್ನನ್ನು ನಿಲ್ಲಿಸುವರು, ಹೆಂಚಿನ ಕೆಳಗೆ ಒಂದಿಷ್ಟು ಹೊತ್ತು. ಶೀಟಿನ ಕೆಳಗೆ ನೆರಳೇನೋ ಇತ್ತು, ನೆತ್ತಿ ಮಾತ್ರ ಸುಡುತ್ತಿತ್ತು. ಹೆಂಚೇ ಸರಿ ಅಂತಾಯಿತು. ಪಡುವಣ ಬಿಸಿಲು ತಲೆಯ ಮೇಲಿನಿಂದ ಅಲ್ಲ, ಪಕ್ಕದಿಂದ ನುಗ್ಗುತ್ತದೆ, ಆ ಕಡೆ ಗೋಡೆ ಬೇಕು ಎಂಬುದನ್ನೂ ಅವರ ಕೋಲೇ ತೋರಿಸಿತು. ಮಿಕ್ಕ ಹೊತ್ತೆಲ್ಲ ಇಬ್ಬರೂ ರಸ್ತೆಯಾಚೆ ಟೀ ಅಂಗಡಿಯ ಹಲಗೆಯ ಮೇಲೆ ಕೂತು ಪಾರ್ಕನ್ನು ನೋಡುವುದು. ನನಗೆ ಮೈಯೆಲ್ಲ ಮುಳ್ಳು. ಕೈಯಲ್ಲಿ ಕೆಲಸವಿಲ್ಲದೆ ಕೂತು ನನಗೆ ಅಭ್ಯಾಸವೇ ಇರಲಿಲ್ಲ. ಓವರ್ಸಿಯರ್ ಸೈಕಲ್ಲಿನಲ್ಲಿ ಹೋಗುತ್ತಾ, "ಏನ್ ನಿಂಗಣ್ಣ, ನಿನ್ ಕುಂಡಿಗೂ ಸಂಬಳ ಕೊಡ್ತಾರಂತಲ್ಲ ಈಗ" ಅಂದರು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು.

ಮೂರ್ನಾಲ್ಕು ದಿನ ಕಳೆದ ಮೇಲೆ ಶ್ರೀಕಂಠಯ್ಯನವರು ಕೇಳಿದರು, "ಬೆಂಚಿನ ಮೇಲೆ ಗಂಡಸರೇ ಇದಾರೆ. ಅವರ ಜೊತೆ ಬಂದ ಹೆಂಗಸರು ಬಿಸಿಲಲ್ಲಿ ನಿಂತಿದಾರೆ. ಯಾಕೆ?"

"ಬಸ್ಸಿನ ದಾರಿ ನೋಡ್ತಾವ್ರೆ ಸಾರ್" ಅಂದುಬಿಟ್ಟೆ. ಗೊತ್ತಿಲ್ಲ ಎನ್ನುವುದಕ್ಕೆ ಬಾಯಿ ಬರಲಿಲ್ಲ.

ಅದರ ಮಾರನೆ ದಿನ ನಿಂತಿದ್ದ ಹೆಂಗಸರಲ್ಲಿ ಒಬ್ಬಳು ನನ್ನ ತಂಗಿ ಪುಟ್ಟತಾಯಿ.

ಅವಳನ್ನು ಕಿರುಗಾವಲಿಗೆ ಕೊಟ್ಟಿದ್ದೆವು. ಅಪ್ಪ ತೀರಿಹೋಗಿದ್ದರಿಂದ ಮುಂದೆ ನಿಂತು ಧಾರೆ ಎರೆದವನು ನಾನೇ. ಹಿಂದಿನ ಬೇಸಿಗೆಯಲ್ಲಿ ಅವಳಿಗೆ ಒಂದು ಕೂಸು ಹೊಟ್ಟೆಯಲ್ಲೇ ಕಳೆದುಹೋಗಿತ್ತು. ಈಗ ಮತ್ತೆ ತುಂಬು ಬಸುರಿ. ಡಾಕ್ಟರಮ್ಮ ವಾರಕ್ಕೊಮ್ಮೆ ಬಂದು ತೋರಿಸಿಕೊಳ್ಳಬೇಕು, ಬಿಸಿಲಿನಲ್ಲಿ ನಿಲ್ಲಲೇಬಾರದು ಎಂದು ಕಟ್ಟುನಿಟ್ಟಾಗಿ ಹೇಳಿದ್ದರು. ಗಂಡನಿಗೆ ಕಬ್ಬು ಕಡಿಸುವ ಕಾಲ, ಅತ್ತೆ ಇಲ್ಲ. ಹಾಗಾಗಿ ಮಾವ ಸಿದ್ದೇಗೌಡರೇ ಕರೆದುಕೊಂಡು ಬರುತ್ತಿದ್ದರು. ಬೆಳಗ್ಗೆ ಮಳವಳ್ಳಿಗೆ ಬಂದು ಬಸ್ಸು ಬದಲಿಸಿ ಮಂಡ್ಯಕ್ಕೆ ಬರುವುದು, ತೋರಿಸಿಕೊಂಡು ಸಾಯಂಕಾಲದ ಬಸ್ಸಿಗೆ ವಾಪಸ್ಸು ಹೋಗುವುದು. ಆಸ್ಪತ್ರೆಯ ವರಾಂಡದ ತುಂಬ ರೋಗಿಗಳು. ನಡುವಿನ ಸುಡುಹೊತ್ತೆಲ್ಲ ಈ ಪಾರ್ಕಿನಲ್ಲೇ.

ಗೌಡರು ನೆರಳಿನ ಬೆಂಚಿನಲ್ಲಿದ್ದರು. ಪುಟ್ಟತಾಯಿ ನೆರಳು ಮುಗಿದು ಒಂದು ಮಾರು ಆಚೆಗೆ, ಸೆರಗನ್ನು ಹಣೆಯವರೆಗೆ ಎಳೆದುಕೊಂಡು, ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು.

ಈಗಿನವರಿಗೆ ಇದು ಬಿಡಿಸಿ ಹೇಳಬೇಕಾಗುತ್ತದೆ. ಆಗ ನಮ್ಮ ಕಡೆ ಸೊಸೆಯಾದವಳು ಮಾವನ ಎದುರು ಕೂರುತ್ತಿರಲಿಲ್ಲ, ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಮನೆಯಲ್ಲಾದರೆ ಒಳಗೆ ಹೋಗಿ ಕೂರುತ್ತಾಳೆ. ಪಾರ್ಕಿನಲ್ಲಿ ಒಳಗು ಎಲ್ಲಿದೆ? ನೆಲದ ಮೇಲಾದರೂ ಕೂರೋಣವೆಂದರೆ ಹುಲ್ಲಿಗೆ ಬೇಲಿ. ಬೆಂಚುಗಳೆಲ್ಲ ಒಂದರ ಮುಖ ಒಂದು ನೋಡುತ್ತಿವೆ.

ಸಿದ್ದೇಗೌಡರು ಕೆಟ್ಟವರಲ್ಲ. ಅವರು ಸೊಸೆಯ ಕಡೆ ನೋಡದೆ ಪಾರ್ಕಿನ ಕಾವಲುಗಾರ ಮಾದಯ್ಯನಿಗೆ, "ಆ ಎಣ್ಮಗ್ಳಿಗೆ ಬಂದು ಕೂತ್ಕೊಳಾಕೇಳಪ್ಪ" ಅಂದರು. ಮಾದಯ್ಯ ಹೋಗಿ ಹೇಳಿದ. ಅವಳು ಅಲ್ಲಾಡಲಿಲ್ಲ. ಗೌಡರು ತಾವೇ ಎದ್ದು ಬೆಂಚು ಬಿಟ್ಟುಕೊಟ್ಟು ಬಿಸಿಲಿಗೆ ಬಂದು ನಿಂತರು. ಮಾವ ನಿಂತಿರುವಾಗ ಸೊಸೆ ಕೂರುವುದುಂಟೇ? ಅವಳು ಇನ್ನೂ ಆಚೆಗೆ ಸರಿದಳು. ಕಡೆಗೆ ಬೆಂಚು ಖಾಲಿ, ಇಬ್ಬರೂ ಬಿಸಿಲಲ್ಲಿ.

ನಾನು ಮಜ್ಜಿಗೆ ತೆಗೆದುಕೊಂಡು ಹೋದೆ. ಗೌಡರು ಕುಶಲ ಕೇಳಿದರು. ತಂಗಿ ಲೋಟ ಇಸಿದುಕೊಳ್ಳುವ ಮೊದಲು ಬೇಲಿಯ ಗೂಟ ಹಿಡಿದುಕೊಂಡಳು.

"ಯಾಕವ್ವ, ತಲೆ ಸುತ್ತದಾ?"

"ಇಲ್ಲ ಕಣಣ್ಣ."

"ಆ ಕಡೆ ಓಗಿ ಕೂತ್ಕೊಬಾರ್ದಾ?"

"ಮಾವ ಅವ್ರೆ. ಸುಮ್ಕಿರಣ್ಣ."

ಗೌಡರಿಗೆ ನಾನು ಏನೆಂದು ಹೇಳಲಿ? ನಿಮ್ಮಿಂದ ನನ್ನ ತಂಗಿ ಬಿಸಿಲಲ್ಲಿ ಬೇಯುತ್ತಿದ್ದಾಳೆ ಎಂದರೆ ಅದು ಹೆಣ್ಣು ಕೊಟ್ಟ ಕಡೆಯವನು ಆಡುವ ಮಾತಲ್ಲ. ಅವರ ಮನಸ್ಸು ಮುರಿದರೆ ಅನುಭವಿಸುವವಳು ಅವಳು. ಊರಿಗೆಲ್ಲ ಬೆಂಚು ಕಟ್ಟುವ ನಾನು ಒಡಹುಟ್ಟಿದವಳನ್ನು ಕೂರಿಸುವುದಕ್ಕೆ ಆಗದೆ ಖಾಲಿ ಲೋಟ ಹಿಡಿದುಕೊಂಡು ಟೀ ಅಂಗಡಿಗೆ ವಾಪಸ್ಸು ಬಂದೆ.

"ಸೊಸೆ ಸಾರ್. ಮಾವ ಎದ್ರುಗವ್ರೆ, ಅದ್ಕೆ ನಿಂತವ್ಳೆ" ಅಂದೆ. ಯಾರ ಸೊಸೆ ಎಂದು ಹೇಳಲಿಲ್ಲ.

ಶ್ರೀಕಂಠಯ್ಯನವರು, "ನಮ್ಮ ದೊಡ್ಡಮ್ಮನೂ ತಾತನ ಎದುರು ಕೂತಿದ್ದು ನಾನು ಕಂಡಿಲ್ಲ" ಅಂದರು.

ಆ ರಾತ್ರಿ ನನಗೆ ಉಪಾಯ ಹೊಳೆಯಿತು ಎಂದುಕೊಂಡೆ. ಎರಡು ಅಂತಸ್ತಿನ ಜಗಲಿ. ಮೇಲಿನ ಹಂತ ಹಿರಿಯರಿಗೆ, ಅದರ ಮುಂದೆಯೇ ಒಂದು ಮೆಟ್ಟಿಲು ತಗ್ಗಾಗಿ ಇನ್ನೊಂದು ಹಂತ. ತಗ್ಗಿನಲ್ಲಿ ಕೂತರೆ ಮಾವನ ಸಮಕ್ಕೆ ಕೂತ ಹಾಗಾಗಲಿಲ್ಲ. ಶ್ರೀಕಂಠಯ್ಯನವರು, ಆಗಲಿ, ಆದರೆ ಸಿಮೆಂಟು ಹಾಕಬೇಡಿ, ಮಣ್ಣಿನಲ್ಲಿ ಕಟ್ಟಿ ನೋಡೋಣ ಅಂದರು. ನಾನು ಒಂದೇ ದಿನದಲ್ಲಿ ಎಬ್ಬಿಸಿದೆ. ಮೇಲೆ ತೆಂಗಿನ ಗರಿಯ ಚಪ್ಪರ. ನೋಡಲು ಎಷ್ಟು ಚೆನ್ನಾಗಿತ್ತೆಂದರೆ ಓವರ್ಸಿಯರ್ ಕೂಡ ತೆಗಳಲಿಲ್ಲ.

ಹೆಂಗಸರು ಅದರ ಹತ್ತಿರವೂ ಬರಲಿಲ್ಲ. ತಗ್ಗಾದರೇನು, ಮಾವನ ಕಣ್ಣೆದುರೇ ತಾನೆ. ಗಂಡಸರು ಬಂದರು. ಎರಡನೇ ದಿನವೋ ಮೂರನೇ ದಿನವೋ ಮಾದಯ್ಯ ನನ್ನನ್ನು ಪಕ್ಕಕ್ಕೆ ಕರೆದ. ಅವನು ನನಗಿಂತ ದೊಡ್ಡವನು, ಊರಾಚೆಯ ಕೇರಿಯವನು, ಮಾತು ಕಡಿಮೆ.

"ಮೇಸ್ತ್ರಿ, ಇದ್ರಾಗೆ ನಮ್ಮೋರ್ ಕೂರಾ ತಾವು ಯಾವ್ದು?"

"ಯಾವ್ದಾದ್ರೂ ಕೂತ್ಕೊಳ್ಳಿ ಮಾದಣ್ಣ. ಎಲ್ರುಗೂ ಕಟ್ಟಿರಾದು."

"ಸರಿಯಾಗಿ ನೋಡು. ನಿಮ್ಮೋರು ಬಂದೋರು ಮೇಲ್ಗಡೆ ಕೂತವ್ರೆ. ನಮ್ ಕೇರಿಯೋರು ಬಂದೋರು ಒಂದು ದಪ ನೋಡುದ್ರು, ಕೆಳ್ಗಡೆ ಕೂತ್ರು. ಅಂಗೆ ಕೂರಿ ಅಂತ ಯಾರೂ ಏಳ್ಲಿಲ್ಲ. ದುಂಡಗಿದ್ದ ಬೆಂಚಲ್ಲಾದ್ರೂ ಮೂಲೇಲಿ ಸಮುಕ್ಕೆ ಕೂತಿದ್ರು. ಒಂದು ಮೆಟ್ಲು ತಗ್ಸಿ ಕಟ್ಟುದ್ರೆ ಅದುಕ್ಕೆ ಬೋರ್ಡು ಬ್ಯಾರೆ ಬೇಕಾ?"

ನಾನು ನೋಡಿದೆ. ಅವನು ಹೇಳಿದಂತೆಯೇ ಇತ್ತು. ನಾನು ಹುಟ್ಟಿದಾಗಿನಿಂದ ಇಂಥ ಜಗಲಿಗಳನ್ನು ನೋಡಿ ಬೆಳೆದವನು, ಅದನ್ನೇ ತಂದು ಪಾರ್ಕಿನಲ್ಲಿ ಕಟ್ಟಿದ್ದೆ. ಶ್ರೀಕಂಠಯ್ಯನವರಿಗೆ ಹೇಳಿದೆ. ಅವರ ಮುಖ ಕೆಂಪಾಯಿತು. "ಇವತ್ತೇ ಕೆಡವಿಸಿ" ಅಂದರು. ಕೆಡವುವಾಗ ಓವರ್ಸಿಯರ್ ಬಂದು, "ಕಟ್ಟೋದು ಕೆಡವೋದು, ಮಕ್ಕಳಾಟಾನ ಇದು? ಯುಗಾದಿಗೆ ಆಗ್ಲಿಲ್ಲ ಅಂದ್ರೆ ನೀನು ಹನಕೆರೇಲೇ ಇದ್ದುಬುಡು" ಅಂದರು.

ಆ ವಾರ ಪುಟ್ಟತಾಯಿ ಬಂದವಳು ಮಳೆಮರದ ಆಚೆ ನಿಂತಲ್ಲೇ ಒಂದು ಸಲ ಕುಸಿದಳು. ಮಾದಯ್ಯ ನೀರು ಹಾಕಿದ. ಎದ್ದು ಮತ್ತೆ ನಿಂತಳು. ಗೌಡರು ಟವಲಿನಲ್ಲಿ ಮುಖ ಒರೆಸಿಕೊಳ್ಳುತ್ತಾ ಬೇಲಿಯುದ್ದಕ್ಕೂ ಅತ್ತಿಂದಿತ್ತ ನಡೆದಾಡುತ್ತಿದ್ದರು. ನಾನು ಹತ್ತಿರ ಹೋದಾಗ, "ಏನ್ ಮಾಡ್ಲಪ್ಪ ನಿಂಗಣ್ಣ, ನಾನು ಇರಾದೇ ಅವ್ಳಿಗೆ ಸಿಕ್ಷೆ ಆಗದೆ. ಇಲ್ದೆ ಓದ್ರೆ ಕರ್ಕಂಡ್ ಬರೋರಿಲ್ಲ" ಅಂದರು. ಆ ಮಾತು ಕೇಳಿದ ಮೇಲೆ ಅವರ ಮೇಲೆ ನನಗಿದ್ದ ಸಣ್ಣ ಸಿಟ್ಟೂ ಹೋಯಿತು. ಹೆದರಿಕೆ ಮಾತ್ರ ಉಳಿಯಿತು. ಇನ್ನು ಹೆಚ್ಚು ವಾರಗಳಿಲ್ಲ, ಬಿಸಿಲು ದಿನಕ್ಕೊಂದು ಹಿಡಿ ಏರುತ್ತಿದೆ, ನನ್ನ ಕೈಯಲ್ಲಿ ಕಟ್ಟುವ ಕಸುಬಿದೆ, ಏನು ಕಟ್ಟಬೇಕೆಂದು ಗೊತ್ತಿಲ್ಲ.

ಬೇರೆ ಊರುಗಳಲ್ಲಿ ಜನ ಹೇಗೆ ಕೂರುತ್ತಾರೆ ನೋಡಿ ಬರೋಣ ಎಂದು ಶ್ರೀಕಂಠಯ್ಯನವರು ನನ್ನನ್ನು ಕರೆದುಕೊಂಡು ಹೊರಟರು. ಮಳವಳ್ಳಿಯಲ್ಲಿ ತಾಲ್ಲೂಕು ಕಛೇರಿಯ ಮುಂದೆ ಅರ್ಧ ದಿನ ನಿಂತೆವು. ಅಲ್ಲೂ ಅದೇ ಕಥೆ. ಮದ್ದೂರಿನ ರೈಲ್ವೆ ಸ್ಟೇಷನ್ನಿಗೆ ಬಂದಾಗ ನಾನು ಸೋತುಹೋಗಿದ್ದೆ. ಪ್ಲಾಟ್‌ಫಾರಮ್ಮಿನಲ್ಲಿ ಒಂದು ಕುಟುಂಬ ಗಾಡಿಗೆ ಕಾಯುತ್ತಿತ್ತು. ಮನೆಯ ಹಿರಿಯರಾದ ಮುದುಕರೊಬ್ಬರು ಬೆಂಚಿನ ಮೇಲೆ ವೀಳ್ಯ ಹಾಕಿಕೊಳ್ಳುತ್ತಾ ಕೂತಿದ್ದರು. ಅವರ ಪಕ್ಕದಲ್ಲಿ ಎದೆಮಟ್ಟಕ್ಕೆ ತೆಂಗಿನಕಾಯಿ ಮೂಟೆಗಳ ಅಟ್ಟಿ. ಅಟ್ಟಿಯ ಆಚೆ, ಮುದುಕರಿಗೆ ಕೈಗೆಟುಕುವಷ್ಟೇ ದೂರದಲ್ಲಿ, ಅವರ ಸೊಸೆ ಟ್ರಂಕಿನ ಮೇಲೆ ಕಾಲು ಇಳಿಬಿಟ್ಟುಕೊಂಡು ಆರಾಮಾಗಿ ಕೂತಿದ್ದಳು. ಗಾಡಿ ಬರುವ ಹೊತ್ತಾಯಿತು. ಕೂಲಿಯವರು ಬಂದು ಮೂಟೆ ಎತ್ತತೊಡಗಿದರು. ಮೇಲಿನ ಸಾಲಿನ ಮೂಟೆಗಳು ಹೋದವು, ಅವಳು ಕೂತೇ ಇದ್ದಳು. ಮುದುಕರ ತಲೆಯ ರುಮಾಲು ಕಾಣಿಸಿದ್ದೇ ತಡ, ಸೆರಗು ಎಳೆದುಕೊಂಡು ಎದ್ದು ನಿಂತಳು.

ನಾನು ಶ್ರೀಕಂಠಯ್ಯನವರ ತೋಳು ಹಿಡಿದುಬಿಟ್ಟೆ. ಮೇಲಧಿಕಾರಿ ಎಂಬುದೂ ಮರೆತಿತ್ತು.

"ಎತ್ತರ ಅಲ್ಲ ಸಾರ್. ದೂರಾನೂ ಅಲ್ಲ. ಮರೆ."

"ಅಂದ್ರೆ?"

"ಒಬ್ರ ಮೊಕ ಒಬ್ರಿಗೆ ಕಾಣ್ದಿದ್ರೆ ಸಾಕು ಸಾರ್. ಸಮುಕ್ಕೆ ಕೂತ್ರೂ ತಪ್ಪಿಲ್ಲ, ಒತ್ಕಂಡು ಕೂತ್ರೂ ತಪ್ಪಿಲ್ಲ. ನಡುವೆ ಒಂದ್ ಗೋಡೆ, ಈ ಕಡೆ ಒಂದ್ ಜಗಲಿ, ಆ ಕಡೆ ಒಂದ್ ಜಗಲಿ. ಎರಡೂ ಒಂದೇ ಎತ್ರ."

ಅವರು ನನ್ನ ಮುಖವನ್ನೇ ನೋಡಿ ಕೇಳಿದರು, "ಅವತ್ತು ಮಜ್ಜಿಗೆ ತಗೊಂಡು ಹೋಗಿ ಕೊಟ್ರಲ್ಲ, ಆಕೆ ನಿಮ್ಮ ಸಂಬಂಧಾನ ನಿಂಗಣ್ಣ?"

"ತಂಗಿ ಸಾರ್."

ಅವರು ರೈಲಿನಲ್ಲಿ ಕೂತ ಕೂಡಲೇ ನಕ್ಷೆ ಬರೆಯಲು ಶುರುಮಾಡಿದರು. ಹನಕೆರೆ ಸ್ಟೇಷನ್ನು ಬಂದರೂ ನಾನು ಇಳಿಯದೆ ಅವರ ಜೊತೆ ಮಂಡ್ಯಕ್ಕೇ ಹೋದೆ.

ಒಂದೇ ಒಂದು ವಿಷಯಕ್ಕೆ ನಮ್ಮಿಬ್ಬರಿಗೂ ಜಗಳವಾಯಿತು. ಅವರು ನಡುಗೋಡೆಯಲ್ಲಿ ಕಿಂಡಿ ಬಿಡಬೇಕು ಅಂದರು. ಗೋಡೆ ಗಟ್ಟಿಯಾಗಿ ಮುಚ್ಚಿದರೆ ಗಾಳಿ ಆಡುವುದಿಲ್ಲ, ಎರಡೂ ಕಡೆ ಒಲೆಯಾಗುತ್ತದೆ ಎಂದು ಅವರ ವಾದ. ಕಿಂಡಿಯಿದ್ದರೆ ಮರೆ ಎಲ್ಲಿ ಬಂತು ಎಂದು ನನ್ನದು. ನಾನು ಹಟ ಹಿಡಿದೆ. ಒಂದು ಇಟ್ಟಿಗೆ ಸಂದಿನಲ್ಲಿ ರುಮಾಲು ಕಂಡರೂ ಹೆಂಗಸರು ಎದ್ದುಬಿಡುತ್ತಾರೆ, ಮದ್ದೂರಿನಲ್ಲಿ ನೀವೇ ಕಂಡಿರಿ ಎಂದೆ. ಕಡೆಗೆ ಕೂತವರ ತಲೆಗಿಂತ ಒಂದು ಮೊಳ ಮೇಲೆ, ಹೆಂಚಿನ ಕೆಳಗೆ, ಸಾಲಾಗಿ ಕಿಂಡಿ ಬಿಡುವುದೆಂದು ಒಪ್ಪಿದೆ. ಗಾಳಿ ದಾಟಲಿ, ಕಣ್ಣು ದಾಟದಿರಲಿ ಎಂದು. ಒಪ್ಪಿದ್ದು ಬಾಯಲ್ಲಿ ಮಾತ್ರ. ಒಳಗೆ ಅಳುಕು ಹೋಗಿರಲಿಲ್ಲ.

ಹಗಲು ಬೆಳಕಿರುವಷ್ಟು ಹೊತ್ತೂ ಕೆಲಸ ಮಾಡಿದೆವು. ಜಗಲಿಗೆ ಕೆಂಪು ಗಾರೆ ಮಾಡಿ ನಾನೇ ಕೂತು ಗೋಲಿಗಲ್ಲಿನಲ್ಲಿ ಉಜ್ಜಿ ನುಣುಪು ತಂದೆ. ಯುಗಾದಿಗೆ ಮುಂಚೆ ಪಡುವಣ ತುದಿಯ ಒಂದಷ್ಟು ಹೆಂಚು ಬಿಟ್ಟು ಮಿಕ್ಕಿದ್ದೆಲ್ಲ ಮುಗಿಯಿತು. ಓವರ್ಸಿಯರ್ ಬಣ್ಣದ ಡಬ್ಬಿ ಹಿಡಿದುಕೊಂಡು ಬಂದು ಒಂದು ಕಡೆ 'ಸ್ತ್ರೀಯರಿಗೆ' ಎಂದು ಬರೆಸೋಣ ಅಂದರು. ಶ್ರೀಕಂಠಯ್ಯನವರು ಬೇಡ ಅಂದರು. ಬರೆದರೆ ಇನ್ನೊಂದು ಕಡೆ ಗಂಡಸರದ್ದಾಗಿಬಿಡುತ್ತದೆ, ಯಾರು ಯಾವ ಕಡೆ ಎಂದು ಜನರೇ ಮಾಡಿಕೊಳ್ಳಲಿ ಎಂದರು.

ಜನ ಮಾಡಿಕೊಂಡರು. ಮೊದಲನೇ ದಿನ ಎರಡೂ ಕಡೆ ಗಂಡಸರೇ ಕೂತರು. ನಮ್ಮವರು, ಕೇರಿಯವರು ಎಲ್ಲ ಒಂದೇ ಸಾಲಿನಲ್ಲಿ, ನಡುವೆ ಒಂದೊಂದು ಟವಲಿನ ಸಂದು ಬಿಟ್ಟುಕೊಂಡಾದರೂ, ಸಮಕ್ಕೆ ಕೂತರು. ಅಷ್ಟು ಮಟ್ಟಿಗೆ ಸರಿಹೋಯಿತು. ಹೆಂಗಸರು ಮಾತ್ರ ಮಳೆಮರದಾಚೆ ಅದೇ ಬಿಸಿಲಿನಲ್ಲಿ. ಎರಡನೇ ದಿನವೂ ಹಾಗೇ. ನಾನು ಮಾದಯ್ಯನ ಪಕ್ಕ ಹೋಗಿ ನಿಂತೆ.

"ಇದ್ಯಾಕೆ ಮಾದಣ್ಣ ಇಂಗಾಯ್ತು?"

"ಒಬ್ಳು ಕೂತ್ರೆ ಆ ಕಡೆ ಗಂಡುಸ್ರು ತಾವಾಗೇ ಎದ್ದೋಯ್ತಾರೆ. ಮೊದ್ಲುನೇಳು ಕೂರ್ಬೇಕಲ್ಲ ಮೇಸ್ತ್ರಿ."

"ಯಾರ್ ಕೂತಾರು?"

"ಅದೇನ್ ನಾನ್ ಏಳಾಕಾಯ್ತದಾ. ನಿನ್ ಗೋಡೆ, ನೀನೇ ಕಾಯಿ" ಅಂದು ಕೋಲು ಕುಟ್ಟಿಕೊಂಡು ಹೋದ.

ಮಾರನೆ ದಿನ ಪುಟ್ಟತಾಯಿ ತೋರಿಸಿಕೊಳ್ಳುವ ದಿನ. ನಾನು ಬೆಳಗಿನಿಂದ ಪಡುವಣ ತುದಿಯಲ್ಲಿ ಹೆಂಚು ಜೋಡಿಸುವ ನೆಪ ಮಾಡಿಕೊಂಡು ನಿಂತಿದ್ದೆ. ಬಿಸಿಲು ಕಣ್ಣು ಬಿಡಗೊಡುತ್ತಿರಲಿಲ್ಲ. ಊಟದ ಹೊತ್ತು ಕಳೆದ ಮೇಲೆ ಇಬ್ಬರೂ ಗೇಟಿನಲ್ಲಿ ಕಾಣಿಸಿಕೊಂಡರು. ಮುಂದೆ ಗೌಡರು, ಹಿಂದೆ ದೂರದಲ್ಲಿ ಅವಳು, ಒಂದೊಂದು ಹೆಜ್ಜೆಗೂ ನಿಂತು ಉಸಿರು ತೆಗೆದುಕೊಳ್ಳುತ್ತಾ. ಗೌಡರು ನನ್ನ ಕಡೆ ತಲೆಯಾಡಿಸಿ ರಸ್ತೆಯ ಕಡೆಯ ಜಗಲಿಗೆ ಹೋಗಿ ಗೋಡೆಗೆ ಒರಗಿ ಕೂತರು. ಇನ್ನೊಂದು ಕಡೆ ಒಬ್ಬ ಮುಖದ ಮೇಲೆ ಟವಲು ಹಾಕಿಕೊಂಡು ಉದ್ದಕ್ಕೆ ಮಲಗಿದ್ದ.

ಮಾದಯ್ಯ ಎಲ್ಲಿದ್ದನೋ, ಬಂದು ಕೋಲಿನಿಂದ ಜಗಲಿಗೆ ಕುಟ್ಟಿದ. "ಏಯ್, ಏಳಪ್ಪ ಮೇಲೆ. ನಿಮ್ಮಪ್ಪನ್ ಮನೆ ಪಡಸಾಲೆ ಆಗೋಯ್ತಾ ಇದು?"

ಅವನು ಗೊಣಗುತ್ತಾ ಎದ್ದು ಹೋದ. ಪುಟ್ಟತಾಯಿ ಬಿಸಿಲಿನಲ್ಲಿ ನಿಂತು ಗೋಡೆಯನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನಾನು ಹೆಂಚಿನ ಕಡೆ ಮುಖ ತಿರುಗಿಸಿಬಿಟ್ಟೆ. ಅವಳು ಸುತ್ತು ಹಾಕಿಕೊಂಡು ಆ ಕಡೆಗೆ ಬಂದಳು. ಮೊದಲು ಚೀಲ ಇಟ್ಟಳು. ಸ್ವಲ್ಪ ಹೊತ್ತು ಚೀಲದ ಪಕ್ಕದಲ್ಲಿ ನಿಂತಳು. ಆಮೇಲೆ ಅಂಗೈ ಊರಿ ಕಾವು ನೋಡಿದಳು. ತಣ್ಣಗಿತ್ತು. ಎರಡೂ ಕೈ ಊರಿಕೊಂಡು ನಿಧಾನಕ್ಕೆ ಕೂತಳು.

ಈ ಕಡೆ ಸಿದ್ದೇಗೌಡರಿಗೆ ಸೊಸೆ ಕಾಣುತ್ತಿಲ್ಲ. ಅವರು ಮಳೆಮರದ ಕಡೆ ನೋಡಿದರು, ಗೇಟಿನ ಕಡೆ ನೋಡಿದರು, ಗಾಬರಿಯಿಂದ ಅರ್ಧ ಎದ್ದರು. ಇನ್ನೇನು ಹುಡುಕಿಕೊಂಡು ಆ ಕಡೆಗೇ ಹೋಗಿಬಿಡುತ್ತಾರೆ, ಇವಳು ಎದ್ದುಬಿಡುತ್ತಾಳೆ, ಎಲ್ಲ ಮುಗಿಯಿತು ಎಂದುಕೊಂಡೆ. ಅಷ್ಟರಲ್ಲಿ ಮೇಲಿನ ಕಿಂಡಿಯಿಂದ ಬಳೆಯ ಸದ್ದು ಬಂತು. ಅವಳು ಸೆರಗಿನಲ್ಲಿ ಗಾಳಿ ಹಾಕಿಕೊಳ್ಳುತ್ತಿದ್ದಳು. ಗೌಡರು ಹಾಗೇ ನಿಂತರು. ಮದುವೆಯಾಗಿ ಬಂದಾಗಿನಿಂದ ಸೊಸೆಯ ಜೊತೆ ನೇರವಾಗಿ ಮಾತಾಡದವರು ಗೋಡೆಗೆ ಮುಖ ಮಾಡಿ ಕೇಳಿದರು:

"ತಾಯಿ, ಅಲ್ಲಿದ್ದೀಯಾ?"

ಬಳೆಯ ಸದ್ದು ನಿಂತಿತು. ಆಮೇಲೆ ಸಣ್ಣಗೆ ದನಿ ಬಂತು. "ಇವ್ನಿ ಮಾವ."

"ಕೂತಿದ್ದೀಯಾ?"

ಇದಕ್ಕೆ ಅವಳು ಏನೆನ್ನುತ್ತಾಳೆ? ನನ್ನ ಕೈಯಲ್ಲಿದ್ದ ಹೆಂಚನ್ನು ಇಡುವುದಕ್ಕೂ ಆಗದೆ, ಹಿಡಿಯುವುದಕ್ಕೂ ಆಗದೆ ನಿಂತಿದ್ದೆ. ಕಡೆಗೆ ಒಂದು "ಊಂ" ಬಂತು.

ಗೌಡರು ಕೂತರು. ಗೋಡೆಗೆ ಬೆನ್ನು ಕೊಟ್ಟು, ರುಮಾಲು ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡರು.

"ಬಸ್ಸು ಬರಾಕೆ ಇನ್ನೂ ಒತ್ತಾಯ್ತದೆ" ಅಂದರು. "ಕಾಲು ಚಾಚ್ಕೊಂಡು ಕೂತ್ಕೊ."

ಮಳೆಮರದಾಚೆ ನಿಂತಿದ್ದ ಹೆಂಗಸರಲ್ಲಿ ಒಬ್ಬಳು, ಅವಳ ಹಿಂದೆಯೇ ಇನ್ನೊಬ್ಬಳು ಆ ಕಡೆಗೆ ಹೆಜ್ಜೆ ಹಾಕಿದರು. ಪಡುವಣ ತುದಿಯಲ್ಲಿ ಹಾಕುವ ಹೆಂಚು ಇನ್ನೂ ಬಾಕಿಯಿತ್ತು. ನಾನು ಕೈಯಲ್ಲಿದ್ದುದನ್ನು ಸದ್ದಾಗದಂತೆ ಕೆಳಗಿಟ್ಟು, ಆಳುಗಳಿಗೆ ಇವತ್ತಿಗೆ ಸಾಕು ಎಂದೆ.